ಮಳೆಯಲ್ಲಿ ಮೈಸೂರು

ಪ್ರವಾಸಕ್ಕೆ ಹೊರಟವನಿಗೆ ಮಳೆಯೆಂದರೆ ವಿಘ್ನ. ಎರಡು ದಿನಗಳ ಬಿಡುವು ಮಾಡಿಕೊಂಡು ಮೈಸೂರಿಗೆ ಬಂದವನು, ಚಾಮುಂಡಿಬೆಟ್ಟವು ಮೋಡದಲ್ಲಿ ಮರೆಯಾಗಿರುವುದನ್ನು ಕಂಡು ನಿಟ್ಟುಸಿರಿಡುತ್ತಾನೆ. ಆದರೆ ಬಿಸಿಲಿನಲ್ಲಿ ಅವಸರದಿಂದ ಊರು ಸುತ್ತುವವನಿಗೆ ದೊರೆಯದ ಭಾಗ್ಯವೊಂದು ಆಷಾಢದ ಸೋನೆಮಳೆಗೆ ಸಿಕ್ಕಿದವನಿಗೆ ದೊರೆಯುತ್ತದೆ. ಅವನು ಒಂದೆಡೆ ನಿಲ್ಲಲೇಬೇಕು, ನಿಂತವನು ನೋಡಲೇಬೇಕು.

ಅವನಿಗೆ ಮೊದಲು ಆಶ್ರಯ ಕೊಡುವುದು ಅರಮನೆ. ಹಳೆಯ ಮರದ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಿದ ಈ ಭವನ 1912ರಲ್ಲಿ ಪೂರ್ಣಗೊಂಡಿತು. ಕಲ್ಯಾಣಮಂಟಪದ ಗಾಜಿನ ಚಾವಣಿಯಲ್ಲಿ ನವಿಲುಗಳು ಬಣ್ಣಬಣ್ಣವಾಗಿ ಗರಿಗೆದರಿವೆ. ಬೀಟೆಮರದ ಬಾಗಿಲಿನ ಮೇಲೆ ದಂತದ ಕುಸುರಿಯು ಬಳ್ಳಿಯಂತೆ ಹಬ್ಬಿದೆ. ಕಟ್ಟಿಸಿದ ಅರಸರ ಹೆಸರು, ನಕ್ಷೆ ಬರೆದವನ ಹೆಸರು ಎಲ್ಲರಿಗೂ ಗೊತ್ತು. ಆದರೆ ಮರವನ್ನು ಕೂದಲೆಳೆಯಷ್ಟು ಕೊರೆದು ಅದರಲ್ಲಿ ದಂತವನ್ನು ಕೂರಿಸಿದ ಕೈ ಯಾರದು? ಕೇಳುವವರು ವಿರಳ.

ಮಳೆ ತುಸು ತಗ್ಗಿದಾಗ ಅವನು ಸಮೀಪದ ಜಗನ್ಮೋಹನ ಅರಮನೆಗೆ ಹೋಗುತ್ತಾನೆ. 1861ರಲ್ಲಿ ಕಟ್ಟಿದ ಈ ಸೌಧವು 1915ರಲ್ಲಿ ಚಿತ್ರಶಾಲೆಯಾಯಿತು. ಇಲ್ಲಿಯ ಸಂಗ್ರಹದಲ್ಲಿ ರಾಜಾ ರವಿವರ್ಮರ ಕೃತಿಗಳಿವೆ. ಆದರೂ ಜನರು ಹೆಚ್ಚಾಗಿ ಹುಡುಕಿಕೊಂಡು ಬರುವುದು ದೀಪ ಹಿಡಿದ ತರುಣಿಯ ಜಲವರ್ಣಚಿತ್ರವನ್ನು. ಗಾಳಿಗೆ ಆರದಂತೆ ಆಕೆ ಅಂಗೈಯನ್ನು ದೀಪಕ್ಕೆ ಮರೆಮಾಡಿದ್ದಾಳೆ. ಬೆರಳ ಸಂದಿಯಿಂದ ಸೂಸಿದ ಬೆಳಕು ಮುಖವನ್ನು ಬೆಳಗಿದೆ. ಇದನ್ನು ರವಿವರ್ಮರದೆಂದೇ ಎಷ್ಟೋ ಜನ ನಂಬಿದ್ದಾರೆ. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಮೂಡಿದ್ದು 1940ರ ದಶಕದಲ್ಲಿ. ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಂಕರ್; ರೂಪದರ್ಶಿಯಾಗಿ ನಿಂತವರು ಅವರ ಮಗಳು ಗೀತಾ. ಲೋಕ ಮೆಚ್ಚಿದ ಕೃತಿಯ ಕೀರ್ತಿಯೂ ಹೀಗೆ ಬೇರೊಬ್ಬರ ಪಾಲಾಗಬಹುದು!

ಅಲ್ಲಿಂದ ದೇವರಾಜ ಮಾರುಕಟ್ಟೆಗೆ ಬಂದರೆ, ನೆನೆದ ಮಲ್ಲಿಗೆಯ ಕಂಪು, ಒಪ್ಪವಾಗಿ ಜೋಡಿಸಿದ ವೀಳ್ಯದೆಲೆ, ಕುಂಕುಮದ ರಾಶಿ. ಅದರ ಹೊರಗಿನ ಬೀದಿಯಲ್ಲಿ ಮೈಸೂರುಪಾಕಿನ ಬಿಸಿ ಪರಿಮಳ. ಕುದಿಯುವ ಸಕ್ಕರೆಪಾಕದಲ್ಲಿ ಬೇಯುತ್ತಿರುವ ಕಡಲೆಹಿಟ್ಟಿನ ಮೇಲೆ ಕಾದ ತುಪ್ಪ ಸುರಿದಾಗ ಅದು ನೊರೆಯುಕ್ಕಿ ಉಬ್ಬುತ್ತದೆ. ಆರಿದ ಮೇಲೆ ಆ ಗುಳ್ಳೆಗಳೇ ಸಣ್ಣ ಸಣ್ಣ ತೂತುಗಳಾಗಿ ಉಳಿಯುತ್ತವೆ. ಇದನ್ನು ಮೊದಲು ಮಾಡಿದವನು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಎಂದು ಪ್ರತೀತಿ. ಬಾಗಿಲು ಕೆತ್ತಿದವನ ಹೆಸರು ಮರೆತ ಊರು ಸಿಹಿ ಮಾಡಿದವನ ಹೆಸರನ್ನು ಮರೆಯಲಿಲ್ಲ. ನಾಲಗೆಗೆ ಇರುವ ಕೃತಜ್ಞತೆ ಕಣ್ಣಿಗೆ ಇಲ್ಲವೆ?

ಸಂಜೆಗೆ ಮಳೆ ಮತ್ತೆ ಬಲಿಯುತ್ತದೆ. ಪ್ರವಾಸಿಗನು ಕರಕುಶಲ ವಸ್ತುಗಳ ಅಂಗಡಿಯ ಸೂರಿನಡಿ ನಿಂತು ಬೀಟೆಮರದ ಪುಟ್ಟ ಫಲಕವೊಂದನ್ನು ಕೈಗೆತ್ತಿಕೊಳ್ಳುತ್ತಾನೆ. ದಂತದ ವ್ಯಾಪಾರ ನಿಷಿದ್ಧವಾಗಿರುವುದರಿಂದ ಅದರಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನೇ ಕೂರಿಸಿದ್ದಾರೆ. ಬೆಳಗ್ಗೆಯಾಗಿದ್ದರೆ ಅವನು ಬೆಲೆಯನ್ನು ಮಾತ್ರ ಕೇಳುತ್ತಿದ್ದನು. ಈಗ ಅವನು ಕೇಳುವ ಮೊದಲ ಪ್ರಶ್ನೆಯೇ ಬೇರೆ: “ಇದನ್ನು ಮಾಡಿದವರು ಯಾರು, ಸ್ವಾಮಿ?”

ಒಂದು ದಿನದ ಮಳೆ ಇಷ್ಟನ್ನು ಕಲಿಸಿದರೆ, ನೆನೆದದ್ದು ವ್ಯರ್ಥವಲ್ಲ.