ಮೊದಲು ಹೇಗಿದ್ದರು?

ಜೀವದಯೆಯೇ ಧರ್ಮದ ಮೂಲವೆಂದು ನಂಬಿದ ಮನೆತನ ನಮ್ಮದು. ಗರ್ಭಪಾತವನ್ನು ನಾವು ಒಪ್ಪುವವರಲ್ಲ. ಆದರೆ ಆ ನಂಬಿಕೆಯ ಭರದಲ್ಲಿ ನಮ್ಮಿಂದ ಒಂದು ತಪ್ಪು ನಡೆದುಹೋಯಿತು.

ತಾಳವಾಡಿ ಸೀಮೆಯ ದೊಡ್ಡಗಾಜನೂರಿನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆವು. ಅವನ ಮಗಳು ವೈದ್ಯರ ಸಲಹೆಯಂತೆ ಗರ್ಭ ತೆಗೆಸಿಕೊಂಡು ತವರಿಗೆ ಬಂದಿದ್ದಳು. "ಹೀಗಾದವರಿಗೆ ಮಾನಸಿಕ ತೊಂದರೆಯ ಅಪಾಯ ಶೇ. 81 ಹೆಚ್ಚಂತಮ್ಮ, ಎಚ್ಚರದಿಂದಿರು" ಎಂದುಬಿಟ್ಟೆವು. ಆಕೆ ತಲೆಯೆತ್ತದೆ ಕೇಳಿದಳು: "ಆ ಹೆಂಗಸರು ಮೊದಲು ಹೇಗಿದ್ದರು ದೊಡ್ಡಪ್ಪಾ?" ನಮ್ಮಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು ಓದಿ ನೋಡಿದರೆ, ವಿದ್ವಾಂಸರ ವಾದವೂ ಅದೇ ಪ್ರಶ್ನೆಯ ಸುತ್ತ ನಡೆದಿದೆ. ಆ ಅಂಕಿ 2011ರಲ್ಲಿ ಅಮೆರಿಕದ ಪ್ರಿಸಿಲ್ಲಾ ಕೋಲ್ಮನ್ 22 ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ್ದು. ಮೊದಲೇ ಮನೋವ್ಯಥೆಯಿದ್ದವರನ್ನು ಸರಿಯಾಗಿ ಲೆಕ್ಕ ಹಿಡಿದಿಲ್ಲವೆಂಬುದು ಇತರರ ಮುಖ್ಯ ಆಕ್ಷೇಪ. ಅದೇ ವರ್ಷ ಡೆನ್ಮಾರ್ಕಿನಲ್ಲಿ ಮೊದಲ ಬಾರಿ ಗರ್ಭ ತೆಗೆಸಿಕೊಂಡ 84,620 ಹೆಂಗಸರ ದಾಖಲೆ ನೋಡಿದರು. ಹೊಸದಾಗಿ ಮನೋವೈದ್ಯರ ಬಳಿ ಹೋದವರು ವರ್ಷದ ಲೆಕ್ಕದಲ್ಲಿ ಸಾವಿರಕ್ಕೆ ಮೊದಲು 14.6, ನಂತರ 15.2. ಹೆಚ್ಚುಕಡಿಮೆ ಒಂದೇ! ಆದರೆ ಆಸ್ಪತ್ರೆಯ ದಾಖಲೆಗೆ ಬಾರದೆ ಮನೆಯಲ್ಲೇ ಅತ್ತವರು ಈ ಲೆಕ್ಕಕ್ಕೂ ಸಿಗುವುದಿಲ್ಲ. ಎರಡು ಕಡೆಯ ಅಳತೆಗೂ ಮಿತಿಯುಂಟು.

ಹೆತ್ತವರ ಮನಸ್ಸಿನ ಕಥೆಯೇನು? 2002ರಲ್ಲಿ ಪ್ರಕಟವಾದ ತಮಿಳುನಾಡಿನ ಹಳ್ಳಿಗಾಡಿನ ಒಂದು ಅಧ್ಯಯನದಲ್ಲಿ ಹೆರಿಗೆಗೆ ಮೊದಲೂ ನಂತರವೂ ಹೆಂಗಸರನ್ನು ವಿಚಾರಿಸಿದರು. ಹೆರಿಗೆಯ ನಂತರ ಹೊಸದಾಗಿ ಖಿನ್ನತೆಗೆ ಒಳಗಾದವರು ಶೇ. 11. ಅದರೊಡನೆ ಕಂಡ ಸಂಗತಿಗಳು ಬಡತನ, ಗಂಡು ಬೇಕೆಂದಾಗ ಹೆಣ್ಣು ಹುಟ್ಟಿದ್ದು, ಅತ್ತೆಯೊಡನೆ ವಿರಸ, ಕೈಗೆ ನೆರವಿಲ್ಲದ್ದು. ಇವೆಲ್ಲ ಮನೆಯೊಳಗಿನ ಮಾತುಗಳಲ್ಲವೆ?

ಗರ್ಭಪಾತ ಬೇಡವೆನ್ನಲು ನಮಗೆ ಅಹಿಂಸೆಯ ನಂಬಿಕೆಯೇ ಸಾಕು. ಅದಕ್ಕೆ ಪರೀಕ್ಷಿಸದ ಅಂಕಿಯ ಊರುಗೋಲು ಬೇಡ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದೇ ಮಿಥ್ಯೋಪದೇಶ. ನೊಂದ ಮಗಳನ್ನು ಹೆದರಿಸಿದ್ದಂತೂ ಹಿಂಸೆಯೇ.

ಕ್ಷಮಾವಣಿಯ ದಿನ ದೊಡ್ಡಗಾಜನೂರಿಗೆ ಹೋಗಿ, ವಯಸ್ಸಿನ ಬಿಗುಮಾನ ಬಿಟ್ಟು, ಆಕೆಯಲ್ಲಿ ಕ್ಷಮೆ ಕೇಳಿದೆವು. "ಬಿಡಿ ದೊಡ್ಡಪ್ಪಾ" ಎಂದು ಕಣ್ಣೊರೆಸಿಕೊಂಡಳು. ಈಗ ನಾವು ಅಂಕಿ ಹೇಳುವುದಿಲ್ಲ, "ಊಟ ಸೇರುತ್ತದೆಯೆ, ನಿದ್ದೆ ಬರುತ್ತದೆಯೆ?" ಎಂದು ಕೇಳುತ್ತೇವೆ. ಇಲ್ಲವೆಂದರೆ ವೈದ್ಯರಿದ್ದಾರೆ, ಸರ್ಕಾರದ ಟೆಲಿ ಮಾನಸ್ ದೂರವಾಣಿ 14416 ಇದೆ. ಓದುಗ ಬಂಧುಗಳೂ ತಮ್ಮ ಮನೆಯ ಹೆಣ್ಣುಮಕ್ಕಳನ್ನು, ಹೆತ್ತಿರಲಿ, ಕಳೆದುಕೊಂಡಿರಲಿ, ಇಷ್ಟನ್ನಾದರೂ ಕೇಳಲಿ.