ಅಜ್ಜಿಯರೇ ಆಕರ

ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ - ಸಂಶೋಧನಾ ಪ್ರಬಂಧದ ಈ ಚೌಕಟ್ಟು ವಿಜ್ಞಾನಿಗಳದ್ದು. ಬ್ಯಾರಿ ಮದುವೆ ಹಾಡುಗಳ ಕುರಿತು ಬರೆಯಲು ಕುಳಿತ ನಮಗೆ ಅದು ಹೊಂದೀತೇ ಎಂಬ ಅನುಮಾನವಿತ್ತು. ನಮಗೆ ಬೇಕಾದ ಹಾಡುಗಳಿದ್ದುದು ಅಜ್ಜಿಯರ ಬಾಯಲ್ಲಿ. ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದೇ 2007ರಲ್ಲಿ. ಆಕರವೆಲ್ಲಿ ಎಂದು ಮಾರ್ಗದರ್ಶಕರು ಕೇಳಿದರೆ ಏನು ಹೇಳುವುದು? ದಾರಿ ತೋರಿಸಿದ್ದು ಆ ವಿಧಾನದ ಭಾಗವೇ. ಹಾಡಿದವರು ಯಾರು, ವಯಸ್ಸೆಷ್ಟು, ಯಾವ ಊರು, ಯಾರಿಂದ ಕಲಿತರು - ಎಲ್ಲವನ್ನೂ ಅಲ್ಲಿ ಬರೆದೆವು. ಯಾರಿಂದ ಯಾರು ಕೇಳಿದರೆಂಬ ಸರಪಳಿಯನ್ನು, ಅಂದರೆ ಇಸ್ನಾದನ್ನು, ಹದೀಸ್ ಸಂಗ್ರಾಹಕರು ಸಾವಿರ ವರ್ಷಗಳ ಹಿಂದೆಯೇ ದಾಖಲಿಸಿದ್ದರಲ್ಲವೇ? ನಮ್ಮ ಅಭಿಪ್ರಾಯಗಳನ್ನು ಚರ್ಚೆಯ ಭಾಗಕ್ಕೆ ಬಿಟ್ಟೆವು. ಸಾರಾಂಶವನ್ನು ಕೊನೆಗೆ ಬರೆದು ಮೊದಲಿಗಿಟ್ಟೆವು. ಪ್ರಬಂಧ ಅಚ್ಚಾಗುವ ಮೊದಲೇ ಹಾಡಿದವರಲ್ಲಿ ಇಬ್ಬರು ತೀರಿಕೊಂಡರು. ಅವರ ಹೆಸರೂ ಊರೂ ಅಡಿಟಿಪ್ಪಣಿಯಲ್ಲಿವೆ.