ಫ್ರಮೆಂಗೊ ಎಂದವರು, ನಕ್ಕವರು

ಬ್ರೆಜಿಲಿನ ಚಿಂತಕಿ ಲೇಲಿಯಾ ಗೊನ್ಜಾಲೆಸ್ ತಮ್ಮ ಜನರ ಮಾತಿಗೆ ಇಟ್ಟ ಹೆಸರು 'ಪ್ರೆತುಗೇಸ್'. ಪ್ರೆತು ಎಂದರೆ ಕಪ್ಪು. ಅದನ್ನು ಪೋರ್ತುಗೇಸ್ ಭಾಷೆಯ ಹೆಸರಿಗೆ ಬೆಸೆದರು. ರಿಯೊದ ಫ್ಲಮೆಂಗೊ ಫುಟ್‌ಬಾಲ್ ಕ್ಲಬ್ಬನ್ನು ಕಪ್ಪು ಜನ 'ಫ್ರಮೆಂಗೊ' ಎಂದರೆ ಓದಿದವರು ನಗುತ್ತಿದ್ದರು. ಆ 'ರ'ಕಾರ ತಪ್ಪಲ್ಲ, ಗುಲಾಮರಾಗಿ ಬಂದ ಆಫ್ರಿಕನ್ನರ ಭಾಷೆ ಉಳಿಸಿಹೋದ ಗುರುತು ಎಂದು 1980ರ ದಶಕದಲ್ಲಿ ಲೇಲಿಯಾ ಬರೆದರು. (ಅವರ ಅಣ್ಣ ಜೈಮಿ ಅದೇ ಕ್ಲಬ್ಬಿಗೆ ಆಡಿದವರು!)

ನನ್ನ ಪಿಎಚ್.ಡಿ. ಈ ಒಂದು ಪದದ ಸುತ್ತ. ಪೋರ್ತುಗೀಸ್ ಕಲಿತದ್ದೂ ಇದಕ್ಕಾಗಿಯೇ. ಯಾಕೆ ಅಷ್ಟು ದೂರ ಹೋದೆ ಎಂದು ಕೇಳುವವರಿಗೆ ಹೇಳುವುದಿಷ್ಟೇ: ನಮ್ಮವ್ವ ಕಾಯಿಸುವುದು 'ಆಲು'. ಪಿಯುಸಿಗೆ ಪೇಟೆಗೆ ಬಂದ ಮೇಲೆ ನಾನು 'ಹಾಲು' ಕಲಿತೆ. 'ಆದರದ ಸ್ವಾಗತ'ದ ಜೋಕು ನಿಮಗೂ ಗೊತ್ತಿರುತ್ತದೆ. ಆ ಜೋಕಿಗೆ ನಾನೂ ನಗಬೇಕಾಗಿತ್ತು. ಈಗಲೂ ಸೆಮಿನಾರಿನಲ್ಲಿ 'ಹ' ಬರುವ ಪದಕ್ಕೆ ಮುಂಚೆ ಉಸಿರು ಒಂದು ಕ್ಷಣ ತಡೆಯುತ್ತದೆ.

ಲೇಲಿಯಾ ಜೊತೆ ನನಗೊಂದು ತಕರಾರಿದೆ. 'ಲ' ಹೋಗಿ 'ರ' ಬರುವುದಕ್ಕೆ ಆಫ್ರಿಕವೇ ಬೇಕಿರಲಿಲ್ಲ. ಲ್ಯಾಟಿನ್ನಿನ 'ಎಕ್ಲೇಸಿಯ' ಪೋರ್ತುಗೀಸಿನಲ್ಲಿ 'ಇಗ್ರೆಜ' ಆಗಿದೆ. ಅದೇ ಗೋವೆ ದಾಟಿ ಮಂಗಳೂರಿನ 'ಇಗರ್ಜಿ' ಆಯಿತು. ಆ 'ರ'ಕಾರಕ್ಕೆ ಯಾರೂ ನಗುವುದಿಲ್ಲ. ಗುಲಾಮ ಎನ್ನುವ 'ಎಸ್ಕ್ರಾವು' ಪದವೇ 'ಸ್ಕ್ಲಾವುಸ್'ನಿಂದ ಬಂದದ್ದು. ನಮ್ಮಲ್ಲೂ ಅಷ್ಟೇ. ಪಂಪನ ಕಾಲದ 'ಪಾಲ್' ಸವೆದು 'ಹಾಲು' ಆದದ್ದು ಬೆಳವಣಿಗೆ, 'ಹಾಲು' ಸವೆದು 'ಆಲು' ಆದದ್ದು ಅಪಭ್ರಂಶ! ಹಾಗಾಗಿ ಲೇಲಿಯಾರ ಪುರಾವೆ ಸಡಿಲವಾದರೂ ಅವರು ನಗುವವರ ಕಡೆ ಬೆರಳು ತೋರಿಸಿದ್ದು ಸರಿಯಾಗಿಯೇ ಇದೆ.

1994ರಲ್ಲಿ ತೀರಿಕೊಂಡಾಗ ಅವರ ಬರಹಗಳು ಅಲ್ಲಲ್ಲಿ ಚದುರಿಹೋಗಿದ್ದವು. 2012ರ ಕಾನೂನು ಬ್ರೆಜಿಲಿನ ಕೇಂದ್ರೀಯ ವಿಶ್ವವಿದ್ಯಾಲಯಗಳ ಅರ್ಧ ಸೀಟುಗಳನ್ನು ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ, ಅದರೊಳಗೆ ಕಪ್ಪು, ಮಿಶ್ರವರ್ಣ ಮತ್ತು ಮೂಲನಿವಾಸಿಗಳಿಗೆ ಆಯಾ ರಾಜ್ಯದ ಜನಸಂಖ್ಯೆಯ ಪಾಲಿನಂತೆ ಮೀಸಲಿಟ್ಟಿತು. ಫ್ರಮೆಂಗೊ ಎನ್ನುವ ಮನೆಗಳ ಮಕ್ಕಳು ಕ್ಲಾಸಿಗೆ ಬಂದ ಕಾಲವದು. ಲೇಲಿಯಾರ ಪ್ರಬಂಧಗಳ ದೊಡ್ಡ ಸಂಪುಟ ಹೊರಬಂದದ್ದು 2020ರಲ್ಲಿ.

'ಪ್ರೆತುಗೇಸ್'ಗೆ ಕನ್ನಡದಲ್ಲಿ ಏನನ್ನಲಿ? 'ಆಡುಭಾಷೆ' ಎಂದರೆ ಅದರ ಮೊನಚೇ ಹೋಗುತ್ತದೆ. 'ಹಾಗೇ ಬಿಡಿ' ಎಂದರು ನನ್ನ ಗೈಡ್. ಮೂರನೇ ಅಧ್ಯಾಯದಲ್ಲಿ ಅವ್ವನ ಒಂದು ಮಾತನ್ನು ಸೇರಿಸಿದ್ದೇನೆ. ಅಲ್ಲಿ 'ಆಲು' ಎಂದೇ ಇರಲಿ ಎಂದು ಡಿಟಿಪಿ ಮಾಡುವವರಿಗೆ ಹೇಳಿದ್ದೆ. ಎರಡು ಸಲ 'ಹಾಲು' ಎಂದು ತಿದ್ದಿ ಕಳಿಸಿದ್ದಾರೆ.